ಕಿಟಕಿಯೊಳಗಿನ ಪಾಚಿ

ಆಗ್ದಾ ಪೆಟರ್ಸನ್‌ಗೆ ಟೆಲಿಫೋನ್ ಅಂದರೆ ಭಯ, ಗುಡುಗು ಅಂದರೆ ಭಯ, ಮುದ್ರೆ ಒತ್ತಿದ ಲಕೋಟೆ ಅಂದರೆ ಎಲ್ಲಕ್ಕಿಂತ ಹೆಚ್ಚು ಭಯ. ಹಾಗೆಂದು ಅವಳನ್ನು ಪುಕ್ಕಲಿ ಎನ್ನುವಂತೆಯೂ ಇರಲಿಲ್ಲ. ಶಾಲೆಯ ಅಂಗಳಕ್ಕೆ ನುಗ್ಗಿದ ಹೋರಿಯನ್ನು ಕಸಬರಿಕೆ ಹಿಡಿದು ಅಟ್ಟಿದವಳು ಅವಳು. ಮೀನುದೋಣಿಯಲ್ಲಿ ಹೋದ ಗಂಡ ಟೂರೆ ತಿರುಗಿ ಬರುವುದಿಲ್ಲವೆಂದು ಖಚಿತವಾದ ಮರುದಿನವೇ ಎದ್ದು, ಮುಖ ತೊಳೆದು, ಮಕ್ಕಳು ಬರುವ ಮುಂಚೆ ಶಾಲೆಯ ಒಲೆ ಹಚ್ಚಿದ್ದಳು. ಆದರೆ ಮೇಲಿನವರು ಯಾರೋ ತನ್ನ ಹೆಸರು ಹಿಡಿದು ವಿಚಾರಿಸುತ್ತಾರೆ ಎಂದರೆ ಸಾಕು, ಅವಳ ನಾಲಿಗೆ ಒಣಗುತ್ತಿತ್ತು. ಅರ್ಥವಾಗದ್ದಕ್ಕೂ ತಲೆಯಾಡಿಸಿಬಿಡುತ್ತಿದ್ದಳು. ಈ ಕತೆಯೆಲ್ಲ ಆದದ್ದು ಆ ತಲೆಯಾಡಿಸುವುದರಿಂದಲೇ.

ಓಲಂಡ್ ದ್ವೀಪದ ದಕ್ಷಿಣದಲ್ಲಿರುವ ಹೆಲ್ಲೆಬು ಎಂಬ ಊರಿನ ಶಾಲೆಯಲ್ಲಿ ಅವಳ ಕೆಲಸ. ಅಪ್ಪ ಸುಣ್ಣಕಲ್ಲಿನ ಗಣಿಯಲ್ಲಿ ಚಪ್ಪಡಿ ಎಬ್ಬಿಸುತ್ತಿದ್ದ. ಏಳು ಮಕ್ಕಳಲ್ಲಿ ಇವಳು ಐದನೆಯವಳು. ಹನ್ನೆರಡನೇ ವಯಸ್ಸಿಗೆ ಶಾಲೆ ಬಿಟ್ಟಿದ್ದಳು. ಮುಂದೆ ಅದೇ ಶಾಲೆಗೆ ಕಸ ಗುಡಿಸಲು ಬಂದವಳು ಐವತ್ತಾರು ವಯಸ್ಸಾದರೂ ಅಲ್ಲೇ ಇದ್ದಳು. ಶಾಲೆಯ ಹಿಂಭಾಗದ ಎರಡು ಕೋಣೆ ಅವಳ ಮನೆ. ಕೆಲಸ ಇರುವ ತನಕ ಆ ಮನೆ. ಕೆಲಸ ಹೋದ ದಿನ ಅದೂ ಇಲ್ಲ. ಇದನ್ನು ಅವಳಿಗೆ ಯಾರೂ ನೆನಪಿಸಬೇಕಾಗಿರಲಿಲ್ಲ.

ವರ್ಷದಲ್ಲಿ ಒಂದು ಕೆಲಸ ಅವಳಿಗೆ ತುಂಬ ಇಷ್ಟವಾದದ್ದು. ಅಕ್ಟೋಬರ್ ಮುಗಿಯುವ ಹೊತ್ತಿಗೆ ಊರಿನ ಎಲ್ಲರೂ ಅಟ್ಟದಿಂದ ಒಳಕಿಟಕಿಗಳನ್ನು ಇಳಿಸಿ, ಹೊರಕಿಟಕಿಯ ಹಿಂದೆ ಕೂರಿಸಿ, ಸಂದಿಗೆ ಹಿಟ್ಟಿನ ಅಂಟು ಹಚ್ಚಿದ ಕಾಗದದ ಪಟ್ಟಿ ಅಂಟಿಸುತ್ತಾರೆ. ಎರಡು ಗಾಜಿನ ನಡುವೆ, ಕೆಳಗೆ, ಒಂದು ಗೇಣು ಪಾಚಿ ತುಂಬುತ್ತಾರೆ. ಪಾಚಿ ತೇವ ಹೀರಿಕೊಳ್ಳುತ್ತದೆ. ಅದಿಲ್ಲದಿದ್ದರೆ ಚಳಿಗಾಲವಿಡೀ ಗಾಜು ಬೆವರಿ ಚೌಕಟ್ಟು ಕೊಳೆಯುತ್ತದೆ. ಪಾಚಿಯ ಮೇಲೆ ಒಣಹೂವೋ ಕೆಂಪು ಹಣ್ಣಿನ ಗೊಂಚಲೋ ಇಟ್ಟು, ಬೀದಿಯಲ್ಲಿ ಹೋಗುವವರು ನಿಂತು ನೋಡಲಿ ಎಂದು ಹೆಂಗಸರು ಆಸೆಪಡುತ್ತಾರೆ. ಶಾಲೆಗೆ ಒಂಬತ್ತು ಕಿಟಕಿ. ಒಂಬತ್ತೂ ಆಗ್ದಾಳವೇ.

ಇನ್ನೊಂದು ಕೆಲಸ ಅವಳು ಕೇಳಿ ಪಡೆದದ್ದಲ್ಲ. ಊರಾಚೆ ಹಾಸುಗಲ್ಲಿನ ಬಯಲು ಶುರುವಾಗುವಲ್ಲಿ ಟೋಕ್ ಪೊದೆಗಳು ಬೆಳೆಯುತ್ತವೆ. ಮೊಣಕಾಲೆತ್ತರದ ಗಿಡ, ಬೇಸಿಗೆ ಪೂರ್ತಿ ಹಳದಿ ಹೂವು. ಜುಲೈ ಬಂತೆಂದರೆ ದೋಣಿಯಿಂದ ಇಳಿದ ಪ್ರವಾಸಿಗರು ಅದನ್ನು ಬೇರುಸಹಿತ ಕಿತ್ತು ತಮ್ಮ ತೋಟಕ್ಕೆ ಒಯ್ಯುತ್ತಿದ್ದರು. ಹೀಗಾಗಿ ಜಿಲ್ಲಾ ಕಚೇರಿಯವರು ಅಲ್ಲೊಂದು ಫಲಕ ನೆಟ್ಟು, ಹತ್ತಿರದಲ್ಲಿರುವವಳು ನೀನೇ ಎಂದು ಆಗ್ದಾಳನ್ನೇ ಕಾವಲಿಗೆ ನೇಮಿಸಿದರು. ಒಮ್ಮೆ ಯಾರೋ ಕಿತ್ತು ರಸ್ತೆಯ ಬದಿ ಎಸೆದುಹೋದ ಪೊದೆಯೊಂದನ್ನು ಅವಳು ಎರಡು ದಿನ ಬಿಟ್ಟು ಕಂಡಳು. ತಂದು ನೆಟ್ಟು, ನೀರೆರೆದು, ನೆರಳು ಕಟ್ಟಿದಳು. ಅದು ಸತ್ತೇ ಹೋಯಿತು. ಅಂದಿನಿಂದ ಅವಳು ಕಾವಲನ್ನು ಮನಸ್ಸಿಟ್ಟು ಮಾಡತೊಡಗಿದಳು.

ಹೋದ ಬೇಸಿಗೆಯಲ್ಲಿ ಡಾಕ್ಟರ್ ಮೇರ್ತಾ ಲುಂಡೆಲ್ ಎಂಬ ಸಸ್ಯಶಾಸ್ತ್ರದ ವಿದ್ವಾಂಸೆ ಬಂದು, ಮೂರು ದಿನ ಆ ಬಯಲಿನಲ್ಲಿ ಬೋರಲು ಮಲಗಿ ಭೂತಗನ್ನಡಿಯಲ್ಲಿ ಕಲ್ಲನ್ನು ನೋಡಿದರು. ಹೊರಡುವ ಮುಂಚೆ ಒಂದು ಚಪ್ಪಡಿಯ ಸುತ್ತ, ತುದಿಗೆ ಕೆಂಪು ಬಣ್ಣ ಬಳಿದ ನಾಲ್ಕು ಗೂಟ ಹೊಡೆದರು. ಒಂದು ಟೋಕ್ ಪೊದೆಯೂ ಆ ನಾಲ್ಕು ಗೂಟಗಳ ಒಳಗೇ ಇತ್ತು.

"ಈ ಜಾಗ ಜೋಪಾನ, ಶ್ರೀಮತಿ ಪೆಟರ್ಸನ್," ಎಂದಿದ್ದರು ಡಾಕ್ಟರು. "ಇಲ್ಲಿಂದ ಒಂದು ಚೂರೂ ಕದಲಬಾರದು."

ಯಾವುದರ ಚೂರು ಎಂದು ಕೇಳಬೇಕಿತ್ತು. ಆಗ್ದಾ ತಲೆಯಾಡಿಸಿದಳು.

ಅಕ್ಟೋಬರಿನಲ್ಲಿ ಕಾಡಂಚಿನಿಂದ ತಂದ ಪಾಚಿ ಒಂಬತ್ತು ಕಿಟಕಿಗೆ ಸಾಲಲಿಲ್ಲ. ಗೂಟಗಳ ನಡುವಿನ ಚಪ್ಪಡಿಯ ಮೇಲೆ ಮಖಮಲ್ಲಿನಂಥ ದಟ್ಟ ಹಸಿರು ಪಾಚಿ ಹಬ್ಬಿ, ಪೊದೆಯ ಬುಡಕ್ಕೂ ಏರಿತ್ತು. ಇದು ಗಿಡದ ಉಸಿರು ಕಟ್ಟಿಸುತ್ತಿದೆ ಎಂದು ಅವಳಿಗೆ ಅನ್ನಿಸಿತು. ಬೆಣ್ಣೆ ಚಾಕುವಿನಿಂದ ಎಚ್ಚರಿಕೆಯಲ್ಲಿ ಎಬ್ಬಿಸಿ, ಹಾಳೆಹಾಳೆಯಾಗಿ ಚೀಲಕ್ಕೆ ತುಂಬಿದಳು. ಬೇರಿಗೆ ಎಲ್ಲೂ ಗಾಯವಾಗಲಿಲ್ಲವಲ್ಲ ಎಂದು ಎರಡು ಸಲ ನೋಡಿದಳು. ಗಿಡಕ್ಕೂ ಒಳ್ಳೆಯದಾಯಿತು, ಕಿಟಕಿಗೂ ಆಯಿತು ಎಂದು ಸಮಾಧಾನಪಟ್ಟಳು. ಮೇಷ್ಟ್ರು ಸ್ಯಾಂಡೆಲಿನ್ ಕೂಡ, "ಈ ವರ್ಷದ ಪಾಚಿ ಬಣ್ಣ ಚೆನ್ನಾಗಿದೆ, ಆಗ್ದಾ," ಎಂದು ಮೆಚ್ಚಿದ್ದರು.

ಫೆಬ್ರವರಿಯ ಒಂದು ಮಧ್ಯಾಹ್ನ ಲಕೋಟೆ ಬಂತು. ಅವಳು ಅದನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು, ಪಾತ್ರೆ ತೊಳೆದು, ಒಲೆಗೆ ಸೌದೆ ಒಟ್ಟಿ, ಮಾಡಲು ಇನ್ನೇನೂ ಉಳಿಯದಾದಾಗ ಒಡೆದಳು.

ಡಾಕ್ಟರು ಸರಳವಾಗಿಯೇ ಬರೆದಿದ್ದರು. ಮಾರ್ಚ್ ಕೊನೆಯ ಶನಿವಾರ ಬರುತ್ತೇನೆ, ಗೂಟದೊಳಗಿನ ಪಾಚಿಯನ್ನು ನೋಡಬೇಕು. ಬೇಸಿಗೆಯಲ್ಲಿ ಆತುರದಲ್ಲಿ ಹೇಳಿದ್ದೆ, ಈಗ ಬಿಡಿಸಿ ಹೇಳುತ್ತೇನೆ. ನೀವು ಕಾಯುವ ಟೋಕ್ ಹೂ ಬಿಡುವ ಗಿಡ, ಗುಲಾಬಿಯ ಬಳಗಕ್ಕೆ ಸೇರಿದ್ದು. ಬೇರೆಡೆ ಅಪರೂಪವಾದರೂ ನಿಮ್ಮ ದ್ವೀಪದಲ್ಲಿ ಲೆಕ್ಕವಿಲ್ಲದಷ್ಟಿದೆ. ಒಂದು ಪೊದೆ ಹೋದರೆ ಪಕ್ಕದ ಪೊದೆಯ ಬೀಜ ಆ ಜಾಗಕ್ಕೆ ಬರುತ್ತದೆ. ಈ ಪಾಚಿಗೆ ಹೂವಿಲ್ಲ, ಬೀಜವಿಲ್ಲ, ಬೇರೂ ಇಲ್ಲ. ಅದು ಗಿಡಗಳ ಬೇರೆಯೇ ಒಂದು ಪಂಗಡ, ಬಹಳ ಹಳೆಯದು. ಪುಡಿಯಂಥ ಕಣಗಳಿಂದ ಹರಡಬೇಕು. ಆದರೆ ಇದು ಕಣ ಬಿಟ್ಟದ್ದನ್ನು ಇನ್ನೂ ಯಾರೂ ನೋಡಿಲ್ಲ. ನಮಗೆ ತಿಳಿದ ಮಟ್ಟಿಗೆ ದೇಶದಲ್ಲಿ ಇದು ಉಳಿದಿರುವುದು ಆ ಒಂದು ಚಪ್ಪಡಿಯ ಮೇಲೆ ಮಾತ್ರ. ನಿಮ್ಮಂಥವರು ಕಾವಲಿಗಿರುವುದು ನನಗೆಷ್ಟು ನೆಮ್ಮದಿಯೋ ಹೇಳಲಾರೆ.

ಆ ಕೊನೆಯ ಸಾಲನ್ನು ಆಗ್ದಾ ಮತ್ತೊಮ್ಮೆ ಓದಿದಳು.

ಕೋಟು ಹಾಕಿಕೊಳ್ಳದೆಯೇ ಬಯಲಿಗೆ ಓಡಿದಳು. ಹಿಮವನ್ನು ಗಾಳಿ ಗುಡಿಸಿಕೊಂಡು ಹೋಗಿತ್ತು. ನಾಲ್ಕು ಗೂಟ ನೆಟ್ಟಗೆ ನಿಂತಿದ್ದವು. ನಡುವೆ ಟೋಕ್ ಎಲೆಯಿಲ್ಲದೆ, ಆದರೆ ಗಟ್ಟಿಯಾಗಿ, ಒಂದು ಕಡ್ಡಿಯೂ ಮುರಿಯದೆ ಇತ್ತು. ಅದರ ಸುತ್ತ ಕಲ್ಲು ಬೋಳಾಗಿತ್ತು. ಮಂಡಿಯೂರಿ ಕಲ್ಲಿನ ಸಂದುಗಳಲ್ಲಿ ಬೆರಳಾಡಿಸಿದಳು. ಒಂದು ಚೂರೂ ಇರಲಿಲ್ಲ. ಕೆಲಸವನ್ನು ಅಷ್ಟು ಚೊಕ್ಕವಾಗಿ ಮಾಡಿದ್ದಳು.

"ಏನೇ ಅದು, ಕಲ್ಲಿಗೆ ಪೂಜೆ ಶುರು ಮಾಡಿದೀಯಾ?"

ಟೂರೆಯ ತಮ್ಮ ಯಲ್ಮಾರ್, ಎಪ್ಪತ್ತು ಕುರಿಗಳ ಒಡೆಯ. ಅವುಗಳನ್ನು ಕೊಳದ ಕಡೆಗೆ ಹೊಡೆದುಕೊಂಡು ಹೊರಟಿದ್ದ. ಬಾಯಲ್ಲಿ ಪೈಪು ಇತ್ತು, ಹೊಗೆ ಇರಲಿಲ್ಲ.

ಆಗ್ದಾಗೆ ಅತ್ತುಕೊಂಡು ಹೇಳದೆ ಗತಿಯಿರಲಿಲ್ಲ. ಪೂರ್ತಿ ಹೇಳಿದಳು. ಯಲ್ಮಾರ್ ತನ್ನ ಕೋಟು ಬಿಚ್ಚಿ ಅವಳ ಹೆಗಲಿಗೆ ಹಾಕಿ, ಕಲ್ಲನ್ನೂ ಅವಳನ್ನೂ ನೋಡಿದ.

"ಪಾಚಿಗಾ ಇಷ್ಟೊಂದು ಅಳು? ಟೂರೆ ಹೋದಾಗ್ಲೂ ನೀನು ಇಷ್ಟು ಅಳ್ಲಿಲ್ಲ."

"ಟೂರೆನ ನಾನು ಕೊಂದಿರ್ಲಿಲ್ಲ, ಯಲ್ಮಾರ್."

ಅವನು ಪೈಪನ್ನು ಬಾಯಿಂದ ತೆಗೆದ. "ನೋಡು, ಅದು ಹೋಯ್ತು. ನಾಲ್ಕು ತಿಂಗಳು ಗಾಜಿನ ಮಧ್ಯ ಒಣಗಿದ್ದು ಇನ್ನೇನು ಬದುಕಿರುತ್ತೆ? ಒಳಕಿಟಕಿ ಬಿಚ್ಚು, ಒಲೆಗೆ ಹಾಕು, ಬಾಯಿ ಮುಚ್ಕೊಂಡಿರು. ಬಂದೋರು ನೋಡ್ತಾರೆ, ಗಾಳಿಗೆ ಹೋಯ್ತು ಅಂದ್ಕೋತಾರೆ. ಗಾಳಿನ ಯಾರು ಹಿಡ್ಕೊಂಡ್ ಹೋಗಿ ಜೈಲಿಗೆ ಹಾಕ್ತಾರೆ?"

"ಜೈಲಿಗೆ ಹಾಕ್ತಾರಾ?"

"ಅಯ್ಯೋ, ಮಾತಿಗೆ ಹೇಳ್ದೆ ಮಾರಾಯ್ತಿ!"

ಮಾತಿಗೆ ಹೇಳಿದ್ದಾದರೂ ಅದು ಅವಳ ತಲೆಯಿಂದ ಹೋಗಲಿಲ್ಲ. ಅಂದಿನಿಂದ ಅಂಚೆಯವನ ಸೈಕಲ್ಲಿನ ಗಂಟೆ ಕೇಳಿದರೆ ಅವಳು ಸೌದೆ ಕೊಟ್ಟಿಗೆಗೆ ಸರಿದುಬಿಡುತ್ತಿದ್ದಳು. ಊಟಕ್ಕೆ ಕೂತರೆ ಆಲೂಗಡ್ಡೆ ಕಡುಬನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು. ಜೈಲಿನ ಭಯ, ಮನೆ ಹೋಗುವ ಭಯ ಬಂದು ಹೋಗುತ್ತಿದ್ದವು. ಬಂದು ಹೋಗದ ಭಯ ಇನ್ನೊಂದಿತ್ತು. ಮಕ್ಕಳು ಹೋದ ಮೇಲೆ ತರಗತಿ ಗುಡಿಸುವಾಗ ಒಂಬತ್ತು ಕಿಟಕಿಗಳಲ್ಲಿ ಕಂದು ಬಣ್ಣಕ್ಕೆ ತಿರುಗಿದ ಪಾಚಿ ಕಾಣುತ್ತಿತ್ತು. ಯಾವುದು ಕಾಡಂಚಿನದು, ಯಾವುದು ಚಪ್ಪಡಿಯದು? ಅವಳಿಗೆ ನೆನಪಿರಲಿಲ್ಲ. ಎರಡು ದಿನ ಎರಡು ಚೀಲದಿಂದ ತುಂಬಿದ್ದಳು. ಪೊದೆಯಾಗಿದ್ದರೆ ಎಲೆ ಉದುರಿದ್ದರೂ ತೊಗಟೆ ನೋಡಿ ಹೇಳುತ್ತಿದ್ದಳು, ಕತ್ತಲಲ್ಲಿ ಮುಟ್ಟಿ ಹೇಳುತ್ತಿದ್ದಳು. ಪಾಚಿ ಅವಳಿಗೆ ಹುಟ್ಟಿದಂದಿನಿಂದ ಪಾಚಿ ಅಷ್ಟೇ. ದೇಶದಲ್ಲೇ ಕೊನೆಯದು ಅಲ್ಲೆಲ್ಲೋ, ತಾನು ಇಟ್ಟ ಒಣಹೂವಿನ ಕೆಳಗೆ ಸತ್ತುಬಿದ್ದಿದೆ. ಅದರ ಗುರುತು ಕೂಡ ತನಗೆ ಗೊತ್ತಿಲ್ಲ. ಹೀಗೆ ಯೋಚನೆ ಬಂದಾಗ ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ ಹೊರಗೆ ಹೋಗಿಬಿಡುತ್ತಿದ್ದಳು.

ಮಾರ್ಚ್ ನಡುವೆ ಬಿಸಿಲು ಬಂತು. ಗಾಜಿನ ನಡುವೆ ನೊಣಗಳು ಎದ್ದವು.

"ಆಗ್ದಾ, ಈ ವಾರ ಒಳಕಿಟಕಿ ತೆಗೆದುಬಿಡೋಣ," ಎಂದರು ಮೇಷ್ಟ್ರು. "ಮಕ್ಕಳು ಲೆಕ್ಕ ಬಿಟ್ಟು ನೊಣ ಎಣಿಸ್ತಿದಾರೆ. ಆ ಹಳೆ ಪಾಚಿನೆಲ್ಲ ಒಲೆಗೆ ಹಾಕು."

"ಬೇಡ ಮೇಷ್ಟ್ರೇ! ಇನ್ನೂ ಶೀತಗಾಳಿ ಇದೆ. ಮಕ್ಕಳಿಗೆ ಕೆಮ್ಮು ಬರುತ್ತೆ."

"ಪ್ರತಿವರ್ಷ ನೀನೇ ಮೊದಲು ಅವಸರ ಮಾಡ್ತಿದ್ದೆಯಲ್ಲ?"

"ಈ ವರ್ಷ ಬೇಡ." ಅವಳ ದನಿ ಎಷ್ಟು ಜೋರಾಗಿ ಬಂತೆಂದರೆ ಮೇಷ್ಟ್ರು ಕನ್ನಡಕ ತೆಗೆದು ಅವಳನ್ನು ನೋಡಿದರು. ಆಗ್ದಾ ಇಪ್ಪತ್ತು ವರ್ಷದಲ್ಲಿ ಅವರ ಮಾತಿಗೆ ಬೇಡ ಎಂದದ್ದು ಅದೇ ಮೊದಲು. ಯಾಕೆ ಹಾಗೆ ಅಂದೆನೆಂದು ಅವಳಿಗೇ ತಿಳಿಯಲಿಲ್ಲ. ಯಲ್ಮಾರ್ ಹೇಳಿದಂತೆ ಸುಟ್ಟುಬಿಟ್ಟಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಸತ್ತದ್ದಾದರೂ ಸರಿ, ಕೊನೆಯದನ್ನು ಒಲೆಗೆ ಹಾಕಲು ಅವಳಿಗೆ ಕೈ ಬರಲಿಲ್ಲ.

ಶನಿವಾರ ಹತ್ತು ಗಂಟೆಯ ಬಸ್ಸಿನಲ್ಲಿ ಡಾಕ್ಟರು ಇಳಿದರು. ಬೂದು ಕೂದಲು, ಗಂಡಸರ ಬೂಟು, ಬೆನ್ನಿಗೆ ಚೀಲ. ಆಗ್ದಾಳ ಕೈ ಕುಲುಕಿ, "ಕಾಫಿ ಆಮೇಲೆ, ಮೊದಲು ಅದನ್ನ ನೋಡೋಣ," ಎಂದರು. ದಾರಿಯಲ್ಲೇ ಹೇಳಿಬಿಡಬೇಕೆಂದು ಆಗ್ದಾ ಎರಡು ಸಲ ಬಾಯಿ ತೆರೆದಳು. ಎರಡು ಸಲವೂ, "ಇಲ್ಲಿ ಜಾರುತ್ತೆ, ನೋಡ್ಕೊಂಡು," ಎಂಬ ಮಾತೇ ಹೊರಬಂತು.

ಡಾಕ್ಟರು ಗೂಟಗಳ ಹತ್ತಿರ ನಿಂತರು. ಚೀಲ ಕೆಳಗಿಟ್ಟರು. ಮಂಡಿಯೂರಿದರು. ಬಹಳ ಹೊತ್ತು ಎದ್ದೇಳಲಿಲ್ಲ. ಗಾಳಿ ಅವರ ಕೂದಲನ್ನು ಎತ್ತಿ ಇಳಿಸುತ್ತಿತ್ತು.

"ಪೂರ್ತಿ ಹೋಗಿದೆ," ಎಂದರು ಡಾಕ್ಟರು ಕೊನೆಗೆ. ದನಿಯಲ್ಲಿ ಸಿಟ್ಟಿರಲಿಲ್ಲ, ಆಗ್ದಾಗೆ ಅದೇ ಹೆಚ್ಚು ಕಷ್ಟವಾಯಿತು. "ಗಾಳಿಗೆ ಇಷ್ಟು ಚೊಕ್ಕವಾಗಿ ಹೋಗಲ್ಲ."

ಅಷ್ಟರಲ್ಲಿ ಕೊಳದ ಕಡೆಯಿಂದ ಯಲ್ಮಾರನ ಕುರಿಗಳು ಬಂದವು. ಅವುಗಳ ಹಿಂದೆ ಅವನೂ ಬಂದ. ಡಾಕ್ಟರು ಎದ್ದು ನಿಂತು ಕುರಿಗಳನ್ನು, ಅವು ನಡೆದು ಸವೆದ ದಾರಿಯನ್ನು, ಆ ದಾರಿ ಗೂಟಗಳ ಪಕ್ಕದಲ್ಲೇ ಹೋಗುವುದನ್ನು ನೋಡಿದರು.

"ಇವು ದಿನಾ ಇಲ್ಲೇ ಓಡಾಡ್ತಾವಾ?"

"ಕೊಳಕ್ಕೆ ಇದೊಂದೇ ದಾರಿ, ಡಾಕ್ಟ್ರೇ," ಎಂದ ಯಲ್ಮಾರ್, ಟೋಪಿ ತೆಗೆದು.

"ಕುರಿ ಪಾಚಿ ತಿನ್ನಲ್ಲ. ಆದ್ರೆ ಹಿಮದ ಕೆಳಗೆ ಹುಲ್ಲು ಹುಡುಕ್ತಾ ಗೊರಸಿನಿಂದ ಕೆರೆಯುತ್ತೆ. ನಾನು ಬೇಲಿ ಹಾಕಿಸಬೇಕಿತ್ತು. ತಪ್ಪು ನನ್ನದು." ಅವರು ಪುಸ್ತಕ ತೆಗೆದರು. "ಈಗಲಾದ್ರೂ ಹಾಕಿಸ್ತೀನಿ. ಈ ಇಳಿಜಾರು ಪೂರ್ತಿ, ಕೊಳದ ತನಕ. ಎಲ್ಲಾದರೂ ಸಂದಿನಲ್ಲಿ ಒಂದೆಳೆ ಉಳಿದಿದ್ರೆ, ಅದಕ್ಕಾದ್ರೂ."

ಕೊಳದ ತನಕ ಬೇಲಿ ಬಂದರೆ ಎಪ್ಪತ್ತು ಕುರಿಗೆ ನೀರಿಲ್ಲ. ಮರಿ ಹಾಕುವ ಕಾಲ ಬೇರೆ. ಯಲ್ಮಾರನ ಮುಖ ಬಿಳುಚಿತು. ಆಗ್ದಾ ಅವನನ್ನೇ ನೋಡುತ್ತಿದ್ದಳು: ಈಗ ಹೇಳುತ್ತಾನೆ, ಈಗ ನನ್ನ ಕಡೆ ಬೆರಳು ತೋರಿಸುತ್ತಾನೆ. ಅವನು ಟೋಪಿಯನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿದ. ಆಗ್ದಾಳ ಕಡೆ ತಿರುಗಿಯೂ ನೋಡಲಿಲ್ಲ.

"ಕುರಿಗೆ ಬುದ್ಧಿ ಎಲ್ಲಿರುತ್ತೆ ಡಾಕ್ಟ್ರೇ," ಎಂದ. "ಆಗಿರಬಹುದು."

ಆಗ್ದಾಳ ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು. ಅವಳು ಅದನ್ನು ಬಿಡಿಸಿಕೊಂಡ ಹಾಗೆ ಮಾತಾಡಿದಳು. "ಕುರಿ ಅಲ್ಲ. ನಾನು."

ಇಬ್ಬರೂ ತಿರುಗಿದರು.

"ನಾನು ಕಿತ್ತಿದ್ದು. ಚಾಕುವಿಂದ. ಗೂಟ ಪೊದೆಗೆ ಅಂತ ಅಂದ್ಕೊಂಡೆ. ಇದು ಗಿಡದ ಕತ್ತು ಹಿಸುಕ್ತಿದೆ ಅಂತ..." ಅವಳು ಊರಿನ ಕಡೆ ಕೈ ತೋರಿಸಿದಳು. "ಶಾಲೆ ಕಿಟಕಿಗೆ ಹಾಕಿದೀನಿ."

"ಎಲ್ಲಿಗೆ?"

"ಕಿಟಕಿಗೆ. ಗಾಜಿನ ಮಧ್ಯ. ನಾಲ್ಕು, ಅಲ್ಲ, ಐದು ತಿಂಗಳಾಯ್ತು. ಪೂರ್ತಿ ಸತ್ತುಹೋಗಿದೆ ಡಾಕ್ಟ್ರೇ. ಯಾವ ಕಿಟಕಿ ಅಂತ್ಲೂ ಗೊತ್ತಿಲ್ಲ."

ಡಾಕ್ಟರು ಬೈಯುತ್ತಾರೆಂದು ಅವಳು ಕಣ್ಣು ಮುಚ್ಚಿದಳು. ಬೈಗುಳ ಬರಲಿಲ್ಲ. ಕಣ್ಣು ತೆರೆದಾಗ ಡಾಕ್ಟರು ಚೀಲವನ್ನು ಬೆನ್ನಿಗೆ ಏರಿಸುತ್ತಿದ್ದರು.

"ಸುಟ್ಟಿಲ್ಲ ತಾನೆ? ಒಂದನ್ನೂ ಸುಟ್ಟಿಲ್ಲ ತಾನೆ? ನಡೀರಿ!"

ಶಾಲೆ ಖಾಲಿಯಿತ್ತು, ಮೇಷ್ಟ್ರು ಮಕ್ಕಳನ್ನು ಆಗಲೇ ಮನೆಗೆ ಕಳಿಸಿದ್ದರು. ಆಗ್ದಾ ಕಾಗದದ ಪಟ್ಟಿಗಳನ್ನು ಕಿತ್ತು ಮೊದಲನೇ ಒಳಕಿಟಕಿಯನ್ನು ಇಳಿಸಿದಳು. ಡಾಕ್ಟರು ಒಂದು ಚಿಟಿಕೆ ಪಾಚಿಯನ್ನು ಬಿಳಿ ತಟ್ಟೆಗೆ ಹಾಕಿ, ಮೇಲೆ ನಾಲ್ಕು ಹನಿ ನೀರು ಬಿಟ್ಟು, ಭೂತಗನ್ನಡಿ ಕಣ್ಣಿಗೆ ಹಿಡಿದರು.

"ಬನ್ನಿ, ನೋಡಿ."

ಆಗ್ದಾ ಬಗ್ಗಿ ನೋಡಿದಳು. ಕಂದು ಕಸದಂತಿದ್ದದ್ದು ಅಲುಗುತ್ತಿತ್ತು. ಮುದುಡಿದ ಎಲೆಗಳು ಒಂದೊಂದಾಗಿ ಬಿಚ್ಚಿಕೊಂಡು ಕಾಂಡದಿಂದ ದೂರ ಸರಿಯುತ್ತಿದ್ದವು, ಹಸಿರಾಗುತ್ತಿದ್ದವು. ಅವಳು ಹೆದರಿ ಹಿಂದೆ ಸರಿದಳು.

"ಜೀವ ಇದೆಯಾ ಇದಕ್ಕೆ?"

"ಇದು ಕಾಡಿನ ಸಾಮಾನ್ಯ ಪಾಚಿ. ನಮ್ಮದಲ್ಲ. ಆದ್ರೆ ಜೀವ ಇರಬಹುದು. ಎಲೆ ಬಿಚ್ಚಿಕೊಂಡ ಮಾತ್ರಕ್ಕೆ ಬದುಕಿದೆ ಅಂತ ಅಲ್ಲ, ಸತ್ತದ್ದೂ ನೀರು ಕುಡಿದು ಹಾಗೆ ಅರಳುತ್ತೆ. ಹಸಿರು ನಿಲ್ಲಬೇಕು, ಹೊಸ ಚಿಗುರು ಬರಬೇಕು." ಡಾಕ್ಟರು ಎರಡನೇ ಕಿಟಕಿಗೆ ಕೈ ತೋರಿಸಿದರು. "ಟೋಕ್ ಗಿಡನ ಕಿತ್ತು ಒಣಗಿಸಿದ್ರೆ ಮುಗೀತು. ಅದರ ಬದುಕೆಲ್ಲ ಬೇರಿಂದ ಕೊಳವೆಯಲ್ಲಿ ಏರೋ ನೀರಿನ ಮೇಲೆ ನಿಂತಿದೆ. ಪಾಚಿಗೆ ಆ ಕೊಳವೆಯೇ ಇಲ್ಲ. ಮಳೆ ಬಂದ್ರೆ ಮೈಯಿಂದ ಕುಡಿಯುತ್ತೆ, ಬರದಿದ್ರೆ ಒಣಗಿ ಸುಮ್ಮನಿರುತ್ತೆ. ಬೇಸಿಗೆಯಲ್ಲಿ ಆ ಕಲ್ಲಿನ ಮೇಲೆ ಅದು ಮಾಡೋ ಕೆಲಸವೇ ಅದು. ಆದ್ರೆ ಐದು ತಿಂಗಳು! ಅಷ್ಟು ತಡೆಯುತ್ತಾ, ನನಗೆ ಗೊತ್ತಿಲ್ಲ."

"ನೀವು ಅದನ್ನ ಹೇಗೆ ಗುರುತು ಹಿಡೀತೀರಿ?"

"ಟೋಕ್‌ಗಾದ್ರೆ ಹೂವು ನೋಡಿದ್ರೆ ಸಾಕು. ಐದು ಹಳದಿ ಎಸಳು. ಇದಕ್ಕೆ ಎಲೆಯ ತುದಿ ನೋಡಬೇಕು. ನಮ್ಮದಕ್ಕೆ ತುದಿಯಲ್ಲಿ ಬಿಳಿ ಕೂದಲು ಇರುತ್ತೆ, ಕೂದಲಿಗೆ ಗರಗಸದ ಹಲ್ಲು. ಇಷ್ಟೇ ಇಷ್ಟು."

ಎರಡನೇ ಕಿಟಕಿಯಲ್ಲಿ ಅದಿರಲಿಲ್ಲ. ಮೂರರಲ್ಲಿ ಇರಲಿಲ್ಲ. ನಾಲ್ಕು, ಐದು. ಪ್ರತಿಯೊಂದು ಕಿಟಕಿಗೂ ಆಗ್ದಾ ಪಟ್ಟಿ ಕೀಳುವಳು, ನೀರು ಹನಿಸುವಳು, ಡಾಕ್ಟರ ತುಟಿಯನ್ನೇ ನೋಡುತ್ತ ನಿಲ್ಲುವಳು. ಇಲ್ಲ ಎಂದು ತುಟಿ ಬಿಗಿದಾಗೆಲ್ಲ ಮುಂದಿನ ಕಿಟಕಿಗೆ ನಡೆಯುವಳು. ಬಾಗಿಲ ಬಳಿ ಕುರಿ ವಾಸನೆಯ ಯಲ್ಮಾರ್ ಟೋಪಿ ಹಿಡಿದು ನಿಂತಿದ್ದ. ಒಳಗೆ ಬಾ ಎಂದರೂ ಬೂಟು ಕೊಳಕು ಎಂದು ಬರಲಿಲ್ಲ.

ಆರನೆಯದು ಒಲೆಯ ಪಕ್ಕದ ಕಿಟಕಿ. ಡಾಕ್ಟರು ಭೂತಗನ್ನಡಿ ಹಿಡಿದವರು ಹಾಗೆಯೇ ನಿಂತುಬಿಟ್ಟರು.

"ಇದೇ," ಎಂದರು.

ಆಗ್ದಾ ಹತ್ತಿರ ಬಂದು ಬಗ್ಗಿದಳು. ತಟ್ಟೆಯಲ್ಲಿ ಎಲೆಗಳು ಬಿಚ್ಚಿಕೊಂಡವು. ತುದಿಯಲ್ಲಿ ಬಿಳಿ ಕೂದಲು ಕಂಡಿತು. ಆದರೆ ಎಲೆ ಕಂದು ಬಣ್ಣದ್ದಾಗಿಯೇ ಉಳಿಯಿತು. ಕಾದರು. ಕಾಲು ಗಂಟೆಯಾದರೂ ಕಂದೇ.

"ಒಲೆಯ ಶಾಖಕ್ಕೆ ಬೆಂದಿದೆ," ಎಂದರು ಡಾಕ್ಟರು.

ಚಳಿಗಾಲದಲ್ಲಿ ಮಕ್ಕಳ ಕೈ ಮರಗಟ್ಟದಿರಲೆಂದು ಅವಳೇ ಒಂದು ಸೌದೆ ಹೆಚ್ಚು ಹಾಕಿದ್ದ ಒಲೆ. ಆಗ್ದಾ ಏಪ್ರನ್ನಿನ ಅಂಚನ್ನು ಬಾಯಿಗೆ ಒತ್ತಿಕೊಂಡಳು. ಏಳು ಮತ್ತು ಎಂಟರಲ್ಲಿ ಕಾಡಿನ ಪಾಚಿ. ಒಂಬತ್ತನೆಯದು ಉತ್ತರದ ಗೋಡೆಯ ಸಣ್ಣ ಕಿಟಕಿ, ಕೋಟು ತೂಗುಹಾಕುವ ಮೂಲೆಯದು. ಅಲ್ಲಿಗೆ ಒಲೆಯ ಬಿಸಿ ತಲುಪುವುದಿಲ್ಲವೆಂದು ಮಕ್ಕಳು ಸದಾ ಗೊಣಗುತ್ತಿದ್ದರು. ಅದರ ಪಟ್ಟಿ ಕೀಳಲು ಅವಳ ಉಗುರಿಗೆ ಶಕ್ತಿಯೇ ಬರಲಿಲ್ಲ. ಯಲ್ಮಾರ್ ಬೂಟು ಬಿಚ್ಚಿಟ್ಟು, ತೂತು ಬಿದ್ದ ಕಾಲುಚೀಲದಲ್ಲಿ ಒಳಗೆ ಬಂದು, ತಾನೇ ಕಿತ್ತುಕೊಟ್ಟ.

"ಉಸಿರಾಡು ಆಗ್ದಾ," ಎಂದ. "ನೀನೂ ಒಣಗಿಹೋದ್ರೆ ನಿನ್ನ ಮೇಲೆ ನೀರು ಹನಿಸೋರು ಯಾರು?"

ಬಿಳಿ ಕೂದಲು ಇತ್ತು. ಹಲ್ಲುಗಳೂ ಇದ್ದವು. ನೀರು ತಾಗಿದ ಕೂಡಲೇ ಎಲೆಗಳು ಬಿಚ್ಚಿ, ಒಳಗಿನಿಂದ ಹಸಿರು ಮೇಲಕ್ಕೆ ಬಂತು. ಡಾಕ್ಟರು ಕುರ್ಚಿ ಎಳೆದು ಕೂತರು. ಅದು ಮಕ್ಕಳ ಕುರ್ಚಿ, ಮಂಡಿ ಎದೆಗೆ ಬಂತು. ಅವರು ಅದನ್ನು ಗಮನಿಸಲಿಲ್ಲ.

ಅಲ್ಲಿ ಸಿಕ್ಕಿದ್ದು ಏಳು ತುಂಡು. ಒಂದೊಂದೂ ಅಂಗೈಗಿಂತ ಚಿಕ್ಕದು. ಅದೇ ಮಧ್ಯಾಹ್ನ ಮೂವರೂ ಅವನ್ನು ಬಯಲಿಗೆ ಒಯ್ದು ಹಿಂದಿನ ಜಾಗದಲ್ಲೇ ಇಟ್ಟರು. ಅಂಚಿಗೆ ಸಣ್ಣ ಕಲ್ಲುಗಳನ್ನು ಒತ್ತಾಗಿ ಇರಿಸಿದರು. ಬೇಲಿಯನ್ನು ಗೂಟಗಳ ಸುತ್ತ ಮಾತ್ರ ಹಾಕಿದರೆ ಸಾಕು, ಕುರಿಗಳ ದಾರಿ ಇರಲಿ ಎಂದು ಡಾಕ್ಟರು ಹೇಳಿದಾಗ ಯಲ್ಮಾರ್ ಆ ಕಡೆ ತಿರುಗಿ ಮೂಗು ಒರೆಸಿಕೊಂಡ.

ಬಸ್ಸಿಗೆ ಕಾಯುವಾಗ ಡಾಕ್ಟರು ಹೇಳಿದರು: "ವರದಿಯಲ್ಲಿ ನಡೆದದ್ದನ್ನೆಲ್ಲ ಬರೀಬೇಕಾಗುತ್ತೆ, ಶ್ರೀಮತಿ ಪೆಟರ್ಸನ್. ನಿಮ್ಮ ಹೆಸರನ್ನೂ. ನನ್ನದನ್ನೂ ಬರೀತೀನಿ, ಗೂಟ ಹೊಡೆದು ಪೂರ್ತಿ ಹೇಳದೆ ಹೋದವಳು ನಾನು."

"ಸರಿ," ಎಂದಳು ಆಗ್ದಾ. ಆಮೇಲೆ ತಲೆಯಾಡಿಸುವುದರ ಬದಲು ಕೇಳಿದಳು: "ದಿನಕ್ಕೆ ಎಷ್ಟು ನೀರು? ಯಾವ ಹೊತ್ತಿಗೆ? ಬಾವಿದೋ, ಮಳೆದೋ? ಕೈಯಿಂದ ಮುಟ್ಟಬಹುದಾ?"

"ಮಳೆ ನೀರು. ಬೆಳಿಗ್ಗೆ, ಒಂದು ಲೋಟ, ಚಿಮುಕಿಸಿ. ಮುಟ್ಟಲೇಬೇಡಿ. ಬೇರಿಲ್ಲ ಅದಕ್ಕೆ, ನೂಲಿನಂಥ ಎಳೆಗಳಿಂದ ಕಲ್ಲನ್ನು ತಾನೇ ಹಿಡ್ಕೋಬೇಕು. ಹಿಡ್ಕೊಂಡ್ರೆ ಉಳೀತು."

ಏಪ್ರಿಲಿನಲ್ಲಿ ಜಿಲ್ಲಾ ಕಚೇರಿಯಿಂದ ಎರಡನೇ ಲಕೋಟೆ ಬಂತು. ಕಾವಲಿನ ಕೆಲಸದಿಂದ ಶ್ರೀಮತಿ ಪೆಟರ್ಸನ್ ಅವರನ್ನು ಬಿಡುಗಡೆ ಮಾಡಲಾಗಿದೆ, ಇನ್ನು ಮುಂದೆ ಕುರಿಗಾರ ಯಲ್ಮಾರ್ ಪೆಟರ್ಸನ್ ಅದನ್ನು ನೋಡಿಕೊಳ್ಳತಕ್ಕದ್ದು. ಶಾಲೆಯ ಬಗ್ಗೆ, ಮನೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಹಿಂಬದಿಯಲ್ಲೇನಾದರೂ ಇದೆಯೇ ಎಂದು ಅವಳು ಕಾಗದವನ್ನು ತಿರುಗಿಸಿ ನೋಡಿದಳು.

"ನನ್ನನ್ನ ಕಾವಲಿಗೆ ಹಾಕಿದಾರಂತೆ!" ಎಂದು ಯಲ್ಮಾರ್ ಕಾಗದ ಬೀಸುತ್ತ ಬಂದ. "ನನಗೆ ಪಾಚಿ ಯಾವುದು, ಕುರಿ ಹಿಕ್ಕೆ ಯಾವುದು ಅಂತ್ಲೇ ಗೊತ್ತಾಗಲ್ಲ. ಹೆಸರು ನಂದಿರ್ಲಿ. ನೀರು ನೀನೇ ಹಾಕು."

ಅವಳು ಹಾಕಿದಳು. ದಿನಾ ಬೆಳಿಗ್ಗೆ ಲೋಟ ಹಿಡಿದು ಹೊರಡುವಾಗ ಭಯ ಜೊತೆಗೇ ಬರುತ್ತಿತ್ತು: ಇವತ್ತು ಕಂದಾಗಿರುತ್ತದೆ, ಇವತ್ತು ಕಾಗೆ ಕಿತ್ತಿರುತ್ತದೆ. ಏಪ್ರಿಲ್ ಕೊನೆಯಲ್ಲಿ ಸಮುದ್ರದಿಂದ ಮೂರು ದಿನ ಬಿರುಗಾಳಿ ಬೀಸಿತು. ಶಾಲೆಯ ಹೆಂಚು ಹಾರಿತು, ಬಯಲಿಗೆ ಹೋಗಲು ಯಾರಿಗೂ ಆಗಲಿಲ್ಲ. ನಾಲ್ಕನೇ ದಿನ ಬೆಳಕಾದ ಕೂಡಲೇ ಅವಳು ಹೋದಳು. ದೂರದಿಂದ ನೋಡಲು ಧೈರ್ಯ ಸಾಲದೆ, ಬೇಲಿ ಕೈಗೆ ಸಿಗುವ ತನಕ ನೆಲ ನೋಡುತ್ತಲೇ ನಡೆದಳು.

ಮೂರು ತುಂಡು ಇರಲಿಲ್ಲ. ಅವುಗಳ ಅಂಚಿಗಿಟ್ಟ ಕಲ್ಲುಗಳೂ ಉರುಳಿಹೋಗಿದ್ದವು. ಉಳಿದ ನಾಲ್ಕರ ಸುತ್ತಲೂ ಕಲ್ಲುಗಳು ಚೆದುರಿದ್ದವು, ಆಸರೆ ಏನೂ ಇರಲಿಲ್ಲ. ಆದರೂ ಅವು ಇದ್ದವು. ಅವಳು ಮುಖವನ್ನು ಕಲ್ಲಿನ ಹತ್ತಿರಕ್ಕೆ ತಂದು, ಉಸಿರು ತಾಗದಂತೆ ಬಾಯಿ ಮುಚ್ಚಿಕೊಂಡು ನೋಡಿದಳು. ಇಷ್ಟು ಗಾಳಿಗೆ ಒಂದು ಅಂಚೂ ಎದ್ದಿರಲಿಲ್ಲ. ಹಳೆಯ ಹಸಿರಿನ ನಡುವೆ ಅಲ್ಲಲ್ಲಿ ಸೂಜಿಮೊನೆಯಷ್ಟು ತಿಳಿಹಸಿರು ಕಾಣುತ್ತಿತ್ತು. ಅದು ಚಿಗುರೋ, ಅಥವಾ ತನ್ನ ಕಣ್ಣೇ ಹಾಗೆ ಕಾಣಿಸುತ್ತಿದೆಯೋ ಅವಳಿಗೆ ತಿಳಿಯಲಿಲ್ಲ.

ಲೋಟದ ನೀರನ್ನು ಬೆರಳಿನಿಂದ ಚಿಮುಕಿಸಿ, ಮನೆಗೆ ಬಂದು, ಕೈ ಒರೆಸಿ, ಡಾಕ್ಟರಿಗೆ ಅಂಚೆ ಕಾರ್ಡು ಬರೆದಳು. ಬರೆಯುವುದು ಅವಳಿಗೆ ನಿಧಾನ. "ಮೂರು ಹೋದವು. ನಾಲ್ಕು ಕಲ್ಲನ್ನು ಹಿಡಿದುಕೊಂಡಿವೆ. ಚಿಗುರಿದೆ ಅಂತ ಕಾಣುತ್ತದೆ, ಆದರೆ ನನ್ನ ಮಾತು ನಂಬಬೇಡಿ, ಬಂದು ನೋಡಿ. ನಾನು ಮುಟ್ಟಿಲ್ಲ."